ಹಾಸಿಗೆ ಹಿಡಿದಾಗ ಕಾಲಿನ ಬಲ ಉಳಿಸಿಕೊಳ್ಳುವುದು ಹೇಗೆ: ಪುಡಿ, ಊಟ, ವ್ಯಾಯಾಮ ಇವುಗಳಲ್ಲಿ ಯಾವುದು ಮೊದಲು?

ಆಪರೇಷನ್ ಮುಗಿಸಿಕೊಂಡು ರೋಗಿ ಮನೆಗೆ ಬಂದರೆ, ನೋಡಲು ಬರುವವರ ಕೈಯಲ್ಲಿ ಹಣ್ಣು, ಬ್ರೆಡ್ಡಿನ ಜೊತೆ ಈಗ ಪ್ರೋಟೀನ್ ಪುಡಿಯ ಡಬ್ಬಿಯೂ ಇರುತ್ತದೆ. ದಾವಣಗೆರೆ, ಚಿತ್ರದುರ್ಗ ಕಡೆಯ ಮನೆಗಳಿಗೆ ಫಿಸಿಯೋಥೆರಪಿಗೆಂದು ಹೋಗುವ ನನಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ, "ಮೇಡಂ, ಯಾವ ಪೌಡ್ರು ತರ್ಬೇಕು? ಸಾವಿರದ್ದು ಸಾಕಾ, ಮೂರು ಸಾವಿರದ್ದೇ ಬೇಕಾ?"

ಕೇಳುವವರಲ್ಲಿ ಎಲ್ಲ ಥರದವರೂ ಇದ್ದಾರೆ. ಅಡಿಕೆ ಮರದಿಂದ ಬಿದ್ದು ತೊಡೆಗೆ ರಾಡ್ ಹಾಕಿಸಿಕೊಂಡ ಚನ್ನಗಿರಿ ಕಡೆಯ ಹುಡುಗ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ, ಡೆಂಗಿ ಜ್ವರಕ್ಕೆ ಎರಡು ವಾರ ಮಲಗಿ ಎದ್ದ ಮೇಷ್ಟ್ರು, ಬೈಕಿನಿಂದ ಬಿದ್ದು ಮೊಣಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಕಾಲೇಜು ಹುಡುಗಿ. ಎಲ್ಲರ ದೂರು ಒಂದೇ: ಕಾಲು ಸಣ್ಣಗಾಗಿದೆ, ನಿಂತರೆ ನಡುಗುತ್ತದೆ. ಇವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಸ್ನಾಯುವಿಗೆ ಕೆಲಸ ಕೊಡಿ. ಆಮೇಲೆ ತಟ್ಟೆ ಸರಿ ಮಾಡಿ. ಅಷ್ಟಾದ ಮೇಲೂ ಕೊರತೆ ಉಳಿದರೆ ಮಾತ್ರ ಪುಡಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಪುಡಿ ಮೊದಲು ಬರುತ್ತದೆ, ವ್ಯಾಯಾಮ ಬರುವುದೇ ಇಲ್ಲ.

ಎಷ್ಟು ಬೇಗ ಕರಗುತ್ತದೆ

"ಒಂದು ತಿಂಗಳು ಚೆನ್ನಾಗಿ ರೆಸ್ಟ್ ಮಾಡಲಿ, ಆಮೇಲೆ ನೋಡಿದರಾಯಿತು" ಎನ್ನುವ ಪ್ರೀತಿಯ ಮಾತೇ ಬಹಳ ನಷ್ಟ ಮಾಡುತ್ತದೆ. ಸ್ನಾಯು ಅತಿ ವೇಗವಾಗಿ ಕರಗುವುದು ಮೊದಲ ಎರಡು ವಾರಗಳಲ್ಲೇ. ಆರೋಗ್ಯವಂತ ಯುವಕರ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿ ಅಳೆದ ಪ್ರಯೋಗವೊಂದರಲ್ಲಿ, ಬರೀ 5 ದಿನಕ್ಕೆ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರ ಸುಮಾರು ಶೇ. 3.5ರಷ್ಟು ಇಳಿದಿತ್ತು, ಬಲ ಶೇ. 9ರಷ್ಟು ಕುಸಿದಿತ್ತು. 14 ದಿನ ಪ್ಲಾಸ್ಟರ್ ಇದ್ದವರಲ್ಲಿ ಗಾತ್ರದ ನಷ್ಟ ಶೇ. 8ರ ಆಚೆ, ಬಲದ ನಷ್ಟ ಶೇ. 23ರ ಹತ್ತಿರ. ಬಲ ಹೋಗುವ ವೇಗ ಕಾಲು ಸಣ್ಣಗಾಗುವ ವೇಗಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಹಾಗಾಗಿ ಟೇಪು ಹಿಡಿದು ತೊಡೆ ಅಳೆದು "ಅಷ್ಟೇನೂ ಇಳಿದಿಲ್ಲ" ಎಂದು ಸಮಾಧಾನ ಪಟ್ಟುಕೊಳ್ಳಬೇಡಿ.

ವಯಸ್ಸಾದವರ ಲೆಕ್ಕ ಇನ್ನೂ ಬಿಗಿ. ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದಾಗ, ಎರಡೂ ಕಾಲುಗಳಿಂದ ಸೇರಿ ಹತ್ತಿರ ಹತ್ತಿರ ಒಂದು ಕೆ.ಜಿ. ಸ್ನಾಯು ಹೋಗಿತ್ತು. ಯುವಕರಲ್ಲಿ ಅದರ ಅರ್ಧದಷ್ಟು ಹೋಗಲು ನಾಲ್ಕು ವಾರ ಬೇಕಾಯಿತು. ಇವರೆಲ್ಲ ಜ್ವರ, ನೋವು, ಆಪರೇಷನ್ ಯಾವುದೂ ಇಲ್ಲದವರು. ಸೊಂಟ ಮುರಿದು, ಊಟ ಸೇರದೆ ಮಲಗಿದ ಅಜ್ಜಿಯ ಸ್ಥಿತಿ ಅದಕ್ಕಿಂತ ಕಷ್ಟದ್ದು. ಪೂರ್ತಿ ಮಲಗಲೇಬೇಕೆಂದೂ ಇಲ್ಲ. ಹಿರಿಯರು ದಿನದ ನಡಿಗೆಯನ್ನು 1,500 ಹೆಜ್ಜೆಯೊಳಗೆ ಇಳಿಸಿದ ಎರಡೇ ವಾರಕ್ಕೆ ಕಾಲಿನ ಸ್ನಾಯು ಶೇ. 4ರ ಸಮೀಪ ಕಡಿಮೆಯಾದದ್ದು ದಾಖಲಾಗಿದೆ. ಮಂಚದಿಂದ ಸೋಫಾಕ್ಕೆ, ಸೋಫಾದಿಂದ ಬಚ್ಚಲಿಗೆ ಓಡಾಡುವ ಯಜಮಾನರ ಲೆಕ್ಕವೂ ಅಷ್ಟೇ ಬರುತ್ತದೆ.

ಇದಕ್ಕೆ ಮುಖ್ಯ ಕಾರಣ ಬಳಕೆ ನಿಂತದ್ದು. ಸ್ನಾಯುವಿನಲ್ಲಿ ದಿನವೂ ಒಂದಷ್ಟು ಪ್ರೋಟೀನ್ ಒಡೆಯುತ್ತದೆ, ಒಂದಷ್ಟು ಹೊಸದಾಗಿ ಕೂಡುತ್ತದೆ. ಕಾಲಿನ ಮೇಲೆ ಭಾರ ಬೀಳುವುದು ನಿಂತ ಕೂಡಲೇ ಕೂಡುವ ಕೆಲಸ ನಿಧಾನವಾಗುತ್ತದೆ. ತಿಂದ ಪ್ರೋಟೀನ್ ರಕ್ತದಲ್ಲಿ ಬಂದರೂ ಸ್ನಾಯು ಅದನ್ನು ಮೊದಲಿನಷ್ಟು ಎಳೆದುಕೊಳ್ಳುವುದಿಲ್ಲ. ಪುಡಿ ಕುಡಿದೂ ಕಾಲು ಸೊರಗುವ ಗುಟ್ಟು ಇಲ್ಲಿದೆ.

ಪುಡಿ ಒಂದು ಕಡೆ, ವ್ಯಾಯಾಮ ಒಂದು ಕಡೆ ಇಟ್ಟು ನೋಡಿದಾಗ

ಈ ಎರಡನ್ನೂ ನೇರವಾಗಿ ಹೋಲಿಸಿದ ಒಂದು ದೊಡ್ಡ ಪ್ರಯೋಗ ನಡೆದದ್ದು 2005ರಲ್ಲಿ, ಫ್ರಾನ್ಸಿನ ಟುಲೂಸ್ ನಗರದಲ್ಲಿ. ಬಾಹ್ಯಾಕಾಶ ಸಂಸ್ಥೆಗಳಿಗೆ ಅದರ ಅಗತ್ಯವಿತ್ತು. ತೂಕವೇ ಇಲ್ಲದ ಜಾಗದಲ್ಲಿ ಗಗನಯಾತ್ರಿಗಳ ಕಾಲು ಸೊರಗುವುದೂ, ಹಾಸಿಗೆ ಹಿಡಿದವರ ಕಾಲು ಸೊರಗುವುದೂ ಒಂದೇ ಬಗೆಯ ತೊಂದರೆ. 24 ಮಹಿಳೆಯರು 60 ದಿನ, ತಲೆ ಕಡೆ ತುಸು ತಗ್ಗಾಗಿಸಿದ ಹಾಸಿಗೆಯಲ್ಲೇ ಇದ್ದರು. ಎಂಟು ಜನರಿಗೆ ಏನೂ ಹೆಚ್ಚುವರಿ ಇಲ್ಲ. ಎಂಟು ಜನರಿಗೆ ಹೆಚ್ಚು ಪ್ರೋಟೀನ್, ಮೇಲೆ ಲ್ಯೂಸಿನ್ ಎಂಬ ಅಮೈನೋ ಆಮ್ಲ (ಅಮೈನೋ ಆಮ್ಲಗಳೆಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು). ಉಳಿದ ಎಂಟು ಜನ ಮಲಗಿದಲ್ಲಿಂದಲೇ ಯಂತ್ರದ ಮೇಲೆ ಕಾಲಿನಿಂದ ಭಾರ ತಳ್ಳುವ ವ್ಯಾಯಾಮವನ್ನೂ ಓಟದ ಅಭ್ಯಾಸವನ್ನೂ ವಾರದಲ್ಲಿ ಕೆಲವು ದಿನ ಮಾಡಿದರು.

ಏನೂ ಮಾಡದವರ ತೊಡೆಯ ಸ್ನಾಯು ಸುಮಾರು ಶೇ. 21ರಷ್ಟು ಇಳಿಯಿತು. ಪ್ರೋಟೀನ್ ಮಾತ್ರ ಹೆಚ್ಚಿಸಿದವರದ್ದು ಶೇ. 24ರಷ್ಟು. ಅಂದರೆ ಒಂದು ಚೂರೂ ಉಳಿಯಲಿಲ್ಲ. ವ್ಯಾಯಾಮ ಮಾಡಿದವರ ತೊಡೆ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಮೀನಖಂಡ ಮಾತ್ರ ಅವರಲ್ಲೂ ಶೇ. 8ರಷ್ಟು ಇಳಿಯಿತು, ಉಳಿದ ಎರಡು ಗುಂಪಿನಲ್ಲಿ ಅದು ಶೇ. 28ರಿಂದ 29. ಮೀನಖಂಡ ಎಷ್ಟು ಹಠಮಾರಿ ಎನ್ನುವುದು ಇದರಿಂದ ಗೊತ್ತಾಗುತ್ತದೆ. ಪಾದ ಒತ್ತುವ ವ್ಯಾಯಾಮವನ್ನು ನಾನು ಯಾರಿಗೂ ಬಿಡಿಸದಿರುವುದು ಅದಕ್ಕೇ.

ಪುಡಿಯ ಪರವಾಗಿಯೂ ಫಲಿತಾಂಶಗಳಿವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ. 28 ದಿನ ಹಾಸಿಗೆಯಲ್ಲಿದ್ದ ಯುವಕರಿಗೆ ದಿನಕ್ಕೆ ಮೂರು ಸಲ ಅಗತ್ಯ ಅಮೈನೋ ಆಮ್ಲ (ದೇಹ ತಾನೇ ತಯಾರಿಸಲಾರದವು), ಜೊತೆಗೆ ಸಕ್ಕರೆ ಕೊಟ್ಟಾಗ ಕಾಲಿನ ಸ್ನಾಯು ಉಳಿದಿತ್ತು. ಆದರೂ ಬಲ ಇಳಿಯದೆ ಇರಲಿಲ್ಲ, ಇಳಿತ ಅರ್ಧಕ್ಕೆ ನಿಂತಿತು ಅಷ್ಟೆ. ಇನ್ನೊಂದೆಡೆ 5 ದಿನ ಮೊಣಕಾಲು ಕಟ್ಟಿಸಿಕೊಂಡ ಹಿರಿಯ ಗಂಡಸರಿಗೆ ದಿನಕ್ಕೆರಡು ಸಲ 20 ಗ್ರಾಂ ಪ್ರೋಟೀನ್ ಹೆಚ್ಚುವರಿಯಾಗಿ ಕೊಟ್ಟರೂ ಪ್ರಯೋಜನ ಕಾಣಲಿಲ್ಲ. ಇವನ್ನೆಲ್ಲ ಒಟ್ಟಿಗೆ ನೋಡಿದರೆ ನನಗೆ ಅನ್ನಿಸುವುದಿಷ್ಟು: ಊಟದಲ್ಲಿ ಪ್ರೋಟೀನ್ ಕಡಿಮೆ ಇದ್ದವರಿಗೆ ಆ ಕೊರತೆ ತುಂಬಿದರೆ ಲಾಭವಿದೆ. ಆಗಲೇ ಸಾಕಷ್ಟು ತಿನ್ನುತ್ತಿರುವವರು ಅದರ ಮೇಲೆ ಪುಡಿ ಸುರಿದುಕೊಂಡು ಸುಮ್ಮನೆ ಮಲಗಿದರೆ ಲಾಭ ಬಹಳ ಕಡಿಮೆ.

ಯಾವ ವ್ಯಾಯಾಮ

ಇಲ್ಲಿ ನಾಲ್ಕು ದಾರಿಗಳಿವೆ. ಯಾವುದನ್ನು ಹಿಡಿಯಬೇಕು ಎನ್ನುವುದು ನಿಮ್ಮ ಡಾಕ್ಟರು ಕಾಲಿನ ಮೇಲೆ ಎಷ್ಟು ಭಾರ ಹಾಕಲು ಬಿಟ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಅದನ್ನು ಬಾಯಿ ಬಿಟ್ಟು ಕೇಳಿ: "ಕಾಲು ಊರಬಹುದಾ? ಪೂರ್ತಿ ಊರಬಹುದಾ, ಅರ್ಧವಾ?" ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ "ಊರಬೇಡ ಅಂದಂಗಿತ್ತು" ಎಂಬ ಅನುಮಾನದಲ್ಲೇ ವಾರಗಳು ಕಳೆಯುತ್ತವೆ.

ಕಾಲು ಊರುವಂತಿಲ್ಲ ಎಂದಾದರೆ ಮಂಚದ ಮೇಲಿನ ವ್ಯಾಯಾಮ. ಇದರಲ್ಲಿ ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲರೂ ತಪ್ಪು ಮಾಡುವುದು ಇದರಲ್ಲೇ. ಒಂದು ಟವೆಲ್ ಸುತ್ತಿ, ಮುಷ್ಟಿ ಗಾತ್ರದ ಸುರುಳಿ ಮಾಡಿ ಮೊಣಕಾಲಿನ ಕೆಳಗಿಡಿ. ಕಾಲು ಚಾಚಿ, ಪಾದದ ಬೆರಳು ನಿಮ್ಮ ಕಡೆ ಎಳೆದುಕೊಳ್ಳಿ. ಈಗ ಮೊಣಕಾಲಿನಿಂದ ಆ ಟವೆಲ್ಲನ್ನು ಹಾಸಿಗೆಗೆ ಒತ್ತಿ. ಸರಿಯಾಗಿ ಒತ್ತಿದರೆ ಮೊಣಕಾಲ ಚಿಪ್ಪು ತೊಡೆಯ ಕಡೆ ತುಸು ಜಾರುವುದು ಕಣ್ಣಿಗೇ ಕಾಣುತ್ತದೆ. ಚಿಪ್ಪಿನ ಮೇಲೆ, ಒಳಬದಿಯಲ್ಲಿ ಎರಡು ಬೆರಳು ಇಟ್ಟು ನೋಡಿ. ಅಲ್ಲಿಯ ಮಾಂಸ ಬೆರಳಿಗೆ ಗಟ್ಟಿಯಾಗಿ ಎದ್ದು ಸಿಗಬೇಕು. ಮೆತ್ತಗೇ ಇದ್ದರೆ ನೀವು ಸೊಂಟದಿಂದ ಒತ್ತುತ್ತಿದ್ದೀರಿ, ತೊಡೆ ಕೆಲಸ ಮಾಡುತ್ತಿಲ್ಲ. ಐದು ಎಣಿಸುವವರೆಗೆ ಹಿಡಿದು ಬಿಡಿ, ಉಸಿರು ಕಟ್ಟಬೇಡಿ, ಬಾಯಲ್ಲಿ ಜೋರಾಗಿ ಎಣಿಸಿದರೆ ಉಸಿರು ತಾನೇ ಆಡುತ್ತದೆ. ಹತ್ತು ಸಲ, ದಿನಕ್ಕೆ ನಾಲ್ಕೈದು ಹೊತ್ತು. ಆಪರೇಷನ್ ಆದ ಕಾಲಿನಲ್ಲಿ ಮೊದಲ ದಿನ ಬೆರಳಿಗೆ ಏನೂ ಸಿಗದೆ ಹೋಗಬಹುದು. ಮೊದಲು ಒಳ್ಳೆಯ ಕಾಲಿನಲ್ಲಿ ಒತ್ತಿ ನೋಡಿ, ಆ ಅನುಭವ ಗೊತ್ತಾದ ಮೇಲೆ ಈ ಕಾಲಿಗೆ ಬನ್ನಿ. ಮೂರ್ನಾಲ್ಕು ದಿನದಲ್ಲಿ ಅಲ್ಲೊಂದು ಸಣ್ಣ ಬಿಗಿತ ಶುರುವಾಗುತ್ತದೆ. ಆ ಬಿಗಿತ ಸಿಕ್ಕ ದಿನ ರೋಗಿಯ ಮುಖ ನೋಡಬೇಕು, ಧೈರ್ಯವೇ ಬೇರೆ ಬರುತ್ತದೆ.

ಇದರ ಜೊತೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಕೂರುವ ಭಾಗದ (ಪೃಷ್ಠದ) ಸ್ನಾಯು ಬಿಗಿಹಿಡಿದು ಬಿಡುವುದು, ಡಾಕ್ಟರು ಒಪ್ಪಿದರೆ ನೆಟ್ಟಗಿನ ಕಾಲನ್ನು ಒಂದು ಗೇಣು ಎತ್ತುವುದು. ಪಾದ ಆಡಿಸುವುದರಿಂದ ಕಾಲಿನಲ್ಲಿ ರಕ್ತ ನಿಲ್ಲುವುದೂ ಕಡಿಮೆಯಾಗುತ್ತದೆ. ಒಳ್ಳೆಯ ಕಾಲನ್ನು ಸುಮ್ಮನೆ ಬಿಡಬೇಡಿ. ಒಂದು ಬದಿಗೆ ಗಟ್ಟಿ ವ್ಯಾಯಾಮ ಕೊಟ್ಟರೆ ಕಟ್ಟಿಹಾಕಿದ ಇನ್ನೊಂದು ಬದಿಯ ಬಲವೂ ಸ್ವಲ್ಪ ಮಟ್ಟಿಗೆ ಉಳಿಯುತ್ತದೆ ಎನ್ನುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಮಿದುಳು, ನರಗಳ ಮಟ್ಟದಲ್ಲಿ ನಡೆಯುವ ಲಾಭ ಇದು. ಪ್ಲಾಸ್ಟರಿನೊಳಗೆ ಕಾಲಿರುವವರಿಗೆ ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ.

ಕಾಲು ಊರಬಹುದು ಎಂದಾದರೆ ನನ್ನ ಮೊದಲ ಆಯ್ಕೆ ಕುರ್ಚಿಯಿಂದ ಏಳುವುದು, ಕೂರುವುದು. ಯಾವ ಯಂತ್ರವೂ ಬೇಡ. ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಕೈ ಊರದೆ ಏಳಲಾಗದಿದ್ದರೆ ಸೀಟಿನ ಮೇಲೆ ಚಳ್ಳಕೆರೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಕಿ; ಎತ್ತರ ಹೆಚ್ಚಿದಷ್ಟೂ ಏಳುವುದು ಸುಲಭ. ಕಂಬಳಿ ಒರಟಾಗಿರುವುದರಿಂದ ಬೆಡ್‌ಶೀಟಿನಂತೆ ಜಾರುವುದಿಲ್ಲ. ಮೂರು ಎಣಿಸುತ್ತಾ ನಿಧಾನ ಕೂರಿ, ಧೊಪ್ಪನೆ ಬೀಳಬೇಡಿ, ಇಳಿಯುವಾಗಲೂ ತೊಡೆ ದುಡಿಯುತ್ತದೆ. ಎಂಟರಿಂದ ಹತ್ತು ಸಲ ಎದ್ದು ಕೂತಾಗ ಕೊನೆಯ ಎರಡು ಕಷ್ಟವೆನಿಸಬೇಕು. ಸಲೀಸಾದರೆ ಒಂದು ಮಡಿಕೆ ತೆಗೆಯಿರಿ. ಒಂದೊಂದು ಮಡಿಕೆ ಇಳಿದಾಗಲೂ ಸ್ನಾಯುವಿಗೆ ಹೊಸ ಭಾರ ಸಿಕ್ಕಂತೆ. ಬಲ ಬರುವುದು ಈ ಏರಿಕೆಯಿಂದಲೇ. ತಿಂಗಳುಗಟ್ಟಲೆ ಅದೇ ಎತ್ತರ, ಅದೇ ಎಣಿಕೆಯಲ್ಲಿ ನಿಂತರೆ ಸ್ನಾಯುವೂ ಅಲ್ಲೇ ನಿಲ್ಲುತ್ತದೆ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದನ್ನು ಜೊತೆಗೆ ಸೇರಿಸಿ, ಮೀನಖಂಡಕ್ಕೆ.

ನಡಿಗೆ ಒಳ್ಳೆಯದೇ. ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವವರ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಅದರಿಂದ ಲಾಭವಿದೆ. ಆದರೆ ಸೊರಗಿದ ತೊಡೆಯನ್ನು ತುಂಬಿಸಲು ಸಮತಟ್ಟು ಜಾಗದ ನಡಿಗೆಯೊಂದೇ ಸಾಲುವುದಿಲ್ಲ. ಭಾರ ಎತ್ತುವ ಬಗೆಯ ವ್ಯಾಯಾಮಕ್ಕೂ ನಡಿಗೆಗೂ ನಡುವೆ ಒಂದನ್ನೇ ಆರಿಸಬೇಕಾದ ದಿನಗಳಲ್ಲಿ, ಆಯಾಸವಿದ್ದು ಒಂದಕ್ಕೇ ಶಕ್ತಿ ಇದ್ದಾಗ, ಕುರ್ಚಿಯ ವ್ಯಾಯಾಮವನ್ನೇ ಆರಿಸಿ.

ಮೂರನೆಯದು ಕರೆಂಟ್ ಕೊಡುವುದು. ಇದರಲ್ಲಿ ಎರಡು ಬಗೆ ಇದೆ, ಹಣ ಕೊಡುವ ಮೊದಲು ಕೇಳಿ ತಿಳಿಯಿರಿ. ಜುಮುಜುಮು ಎನ್ನಿಸುವ ಟೆನ್ಸ್, ಐಎಫ್‌ಟಿ ಯಂತ್ರಗಳು ನೋವಿಗೆ. ಅವುಗಳಿಂದ ಸ್ನಾಯು ಉಳಿಯುವುದಿಲ್ಲ. ಸ್ನಾಯುವನ್ನೇ ಬಿಗಿಯಾಗಿ ಸೆಟೆಸಿ ಬಿಡುವ ಯಂತ್ರ ಬೇರೆ. ತೊಡೆ ತಾನಾಗಿ ಗಟ್ಟಿಯಾಗುವುದು ಕಣ್ಣಿಗೆ ಕಾಣಬೇಕು. 5 ದಿನ ಕಾಲು ಕಟ್ಟಿಸಿಕೊಂಡ ಯುವಕರಲ್ಲಿ ಈ ಎರಡನೆಯದು ಸ್ನಾಯುವಿನ ಗಾತ್ರ ಉಳಿಸಿತು, ಬಲ ಉಳಿಸಲಿಲ್ಲ. ಪ್ರಜ್ಞೆ ಇಲ್ಲದವರಿಗೆ, ಐಸಿಯುನಲ್ಲಿರುವವರಿಗೆ, ತಾವಾಗಿ ಸ್ನಾಯು ಬಿಗಿಹಿಡಿಯಲಾರದವರಿಗೆ ಇದು ಬೇಕು. ಟವೆಲ್ ಒತ್ತಬಲ್ಲವರು ಟವೆಲ್ಲನ್ನೇ ಒತ್ತಲಿ. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳದೆ ಯಾವ ಕರೆಂಟೂ ಹಚ್ಚಿಸಿಕೊಳ್ಳಬೇಡಿ.

ಎಣ್ಣೆ ತಿಕ್ಕುವುದು, ಬೇರೆಯವರು ಕಾಲು ಹಿಡಿದು ಮಡಚುವುದು ನಾಲ್ಕನೆಯದು. ಕೀಲು ಬಿಗಿಯದಂತೆ ಇದು ಕಾಯುತ್ತದೆ, ಹಿತವೂ ಅನ್ನಿಸುತ್ತದೆ. ಸ್ನಾಯು ತಾನು ದುಡಿಯದ ಕಾರಣ ಬಲಕ್ಕೆ ಮಾತ್ರ ಇದನ್ನು ನೆಚ್ಚಬೇಡಿ.

ತಟ್ಟೆಯಲ್ಲಿ ಎಷ್ಟಿದೆ, ಎಷ್ಟು ಬೇಕು

ಭಾರತೀಯರಿಗೆ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ, ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 60 ಕೆ.ಜಿ.ಯವರಿಗೆ 50 ಗ್ರಾಂ ಆಯಿತು. ಇದು ಆರೋಗ್ಯವಂತರ ಲೆಕ್ಕ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ, ವಯಸ್ಸಿನ ಜೊತೆ ಕಾಯಿಲೆಯೂ ಇದ್ದರೆ 1.2ರಿಂದ 1.5 ಗ್ರಾಂ ಬೇಕೆಂದು ವೃದ್ಧಾಪ್ಯ ತಜ್ಞರ ಅಂತರರಾಷ್ಟ್ರೀಯ ತಂಡ 2013ರಲ್ಲಿ ಸಲಹೆ ಮಾಡಿತು. ಅದೇ 60 ಕೆ.ಜಿ. ತೂಕದ ಅಜ್ಜಿ ಸೊಂಟದ ಆಪರೇಷನ್ ಆಗಿ ಮಲಗಿದ್ದರೆ 72ರಿಂದ 90 ಗ್ರಾಂ.

ಈಗ ನಮ್ಮ ಕಡೆಯ ತಟ್ಟೆ ನೋಡೋಣ. ಬೆಳಗ್ಗೆ ಎರಡು ದೋಸೆ ಅಥವಾ ಒಗ್ಗರಣೆ ಮಂಡಕ್ಕಿ: 5ರಿಂದ 8 ಗ್ರಾಂ. ಮಧ್ಯಾಹ್ನ ಮುದ್ದೆ ಇಲ್ಲವೇ ಎರಡು ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು: 15 ಗ್ರಾಂ ಸುತ್ತ. ಸಂಜೆ ಟೀ, ಮಂಡಕ್ಕಿ, ಮಿರ್ಚಿ. ರಾತ್ರಿ ಅನ್ನ, ಮಜ್ಜಿಗೆ. ಒಟ್ಟು 40 ಗ್ರಾಂ ದಾಟುವುದು ಕಷ್ಟ. ಹಾಸಿಗೆ ಹಿಡಿದವರಿಗೆ "ಜೀರ್ಣ ಆಗಲ್ಲ" ಎಂದು ಗಂಜಿ, ಬ್ರೆಡ್ಡು, ಎಳನೀರು ಕೊಟ್ಟರೆ 25 ಗ್ರಾಂ ಕೂಡ ಇಲ್ಲ. ಊಟವೇ ಒಟ್ಟಾರೆ ಕಡಿಮೆಯಾದರೆ ದೇಹ ಇದ್ದ ಪ್ರೋಟೀನನ್ನೂ ಶಕ್ತಿಗಾಗಿ ಸುಡುತ್ತದೆ, ಸ್ನಾಯು ಇನ್ನೂ ಬೇಗ ಕರಗುತ್ತದೆ. ಮಲಗಿದವರಿಗೆ ಪಥ್ಯ ಹಿಡಿಸುವುದು ಅವರ ಕಾಲಿನ ಬಲ ಕಿತ್ತುಕೊಂಡಂತೆ ಎಂದು ನಾನು ಖಡಾಖಂಡಿತ ಹೇಳುತ್ತೇನೆ.

ಕೊರತೆ ತುಂಬಲು ಸಾಮಾನು ದೂರ ಹುಡುಕಬೇಕಿಲ್ಲ. ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದದ್ದೇ ಶೇಂಗಾದಿಂದ. 100 ಗ್ರಾಂ ಶೇಂಗಾದಲ್ಲಿ 23-24 ಗ್ರಾಂ ಪ್ರೋಟೀನ್. ಹೆಸರುಕಾಳು, ಹುರುಳಿಕಾಳು, ತೊಗರಿಬೇಳೆ ಎಲ್ಲದರಲ್ಲೂ 100 ಗ್ರಾಂ ಒಣ ತೂಕಕ್ಕೆ 22 ಗ್ರಾಂ ಅಕ್ಕಪಕ್ಕ. ಸೋಯಾ ತುಣುಕುಗಳಲ್ಲಿ 50ಕ್ಕಿಂತ ಹೆಚ್ಚು. ಒಂದು ಮೊಟ್ಟೆಯಲ್ಲಿ 6, ಕಾಲು ಲೀಟರ್ ಹಾಲಿನಲ್ಲಿ 8, ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 6 ಗ್ರಾಂ. ಮೊಟ್ಟೆ ಒಳಗೆ ಬಾರದ ಮನೆಗಳು ನಮ್ಮಲ್ಲಿ ಬಹಳ. ಅಂಥ ಮನೆಯಲ್ಲಿ ಎರಡು ಲೋಟ ಹಾಲು (16), 30 ಗ್ರಾಂ ಸೋಯಾ ತುಣುಕಿನ ಪಲ್ಯ (15), ಒಂದು ಹಿಡಿ ಹುರಿದ ಶೇಂಗಾ (7) ಸೇರಿಸಿದರೆ 38 ಗ್ರಾಂ ಏರಿತು. 40ರ ತಟ್ಟೆ 78ಕ್ಕೆ ಬಂತು, ಒಂದು ಚಮಚ ಪುಡಿ ಇಲ್ಲದೆ. ಹಲ್ಲಿಲ್ಲದವರಿಗೆ ಶೇಂಗಾವನ್ನು ಕುಟ್ಟಿ ಪುಡಿ ಮಾಡಿ ಮೊಸರಿಗೆ ಕಲಸಿ. ಸೋಯಾ ಬೇಯಿಸಿ, ಹಿಂಡಿ, ರುಬ್ಬಿ ಸಾರಿಗೆ ಹಾಕಿ.

ಹಂಚಿಕೆಯೂ ಮುಖ್ಯ. ವಯಸ್ಸಾದ ಸ್ನಾಯುವಿಗೆ ಒಂದು ಹೊತ್ತಿಗೆ 25ರಿಂದ 30 ಗ್ರಾಂ ಸಿಕ್ಕರೆ ಕಟ್ಟುವ ಕೆಲಸ ಚೆನ್ನಾಗಿ ಶುರುವಾಗುತ್ತದೆ. ನಮ್ಮಲ್ಲಿ ಬಡವಾಗಿರುವುದು ಬೆಳಗಿನ ತಿಂಡಿ. ಬೆಣ್ಣೆ ದೋಸೆ ಬಿಡಬೇಡಿ, ಅದು ಇಲ್ಲದೆ ದಾವಣಗೆರೆಯವರಿಗೆ ಹೊತ್ತು ಹೋಗದು. ದಪ್ಪ ಶೇಂಗಾ ಚಟ್ನಿ, ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆ ಅಥವಾ ಮೊಳಕೆ ಹೆಸರುಕಾಳು, ಕೊನೆಗೆ ಒಂದು ಲೋಟ ಹಾಲು ಸೇರಿದರೆ ಆ ಹೊತ್ತು 25ಕ್ಕೆ ಹತ್ತಿರ ಬರುತ್ತದೆ. ಬೆಣ್ಣೆಯಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಂಡಕ್ಕಿಗೆ ಒಂದು ಮುಷ್ಟಿ ಪುಟಾಣಿ, ಒಂದು ಮುಷ್ಟಿ ಶೇಂಗಾ ಧಾರಾಳವಾಗಿ ಬೀಳಲಿ.

ಪುಡಿಯೇ ಬೇಕಾದಾಗ ಯಾವುದು

ಊಟ ಸೇರದವರು, ಬಾಯಿ ಹುಣ್ಣಾದವರು, ನಾಲ್ಕು ತುತ್ತಿಗೆ ಸಾಕೆನ್ನುವ ಅಜ್ಜಂದಿರು, ಹಾಲು ಮೊಟ್ಟೆ ಎರಡೂ ಒಗ್ಗದವರು. ಇವರಿಗೆ ಪುಡಿ ನಿಜವಾಗಿಯೂ ಸಹಾಯ. ಸಣ್ಣ ಲೋಟದಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಒಳಗೆ ಹೋಗುತ್ತದೆ ಎನ್ನುವುದೇ ಅದರ ದೊಡ್ಡ ಗುಣ.

ವೇ ಪ್ರೋಟೀನ್ ಎಂದರೆ ಹಾಲು ಒಡೆದು ಚೀಸ್ ಮಾಡುವಾಗ ಉಳಿಯುವ ನೀರಿನಿಂದ ತೆಗೆದದ್ದು. ಬೇಗ ಜೀರ್ಣವಾಗುತ್ತದೆ, ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಇದರಲ್ಲಿ ಹೆಚ್ಚು. ಕಾನ್ಸಂಟ್ರೇಟ್ ಅಂದರೆ ಶೇ. 70-80 ಪ್ರೋಟೀನ್, ಐಸೋಲೇಟ್ ಶೇ. 90ರ ಹತ್ತಿರ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಐಸೋಲೇಟ್ ವಾಸಿ, ಅದರಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬಹಳ ಕಡಿಮೆ. ಉಳಿದವರಿಗೆ ಕಾನ್ಸಂಟ್ರೇಟ್ ಸಾಕು. ಹಾಲಿನದು ಬೇಡವೆನ್ನುವವರಿಗೆ ಸೋಯಾ ಪುಡಿ ಆದೀತು.

ಬಿಸಿಎಎ ಎಂದು ಮಾರುವ ಡಬ್ಬಿ ಬೇಡ. ಅದರಲ್ಲಿರುವುದು ಮೂರೇ ಅಮೈನೋ ಆಮ್ಲ. ಸ್ನಾಯು ಕಟ್ಟಲು ಒಂಬತ್ತೂ ಅಗತ್ಯದವು ಬೇಕು. ಜಿಮ್‌ಗೆ ಹೋಗುವವರು ತೆಗೆದುಕೊಳ್ಳುವ ಕ್ರಿಯಾಟಿನ್ ಎಂಬ ಇನ್ನೊಂದು ಪುಡಿಯ ಬಗ್ಗೆ ಫಲಿತಾಂಶಗಳು ಮಿಶ್ರವಾಗಿವೆ. ಕಾಲು ಕಟ್ಟಿದ್ದಾಗ ನಷ್ಟ ತಡೆಯದಿದ್ದರೂ ಪ್ಲಾಸ್ಟರ್ ತೆಗೆದ ಮೇಲಿನ ವ್ಯಾಯಾಮದಲ್ಲಿ ಚೇತರಿಕೆ ಬೇಗವಾದದ್ದು ಒಂದು ಪ್ರಯೋಗದಲ್ಲಿ ಕಂಡಿತ್ತು. ಅದನ್ನು ಆಮೇಲಿನ ಹಂತಕ್ಕೆ ಇಟ್ಟುಕೊಳ್ಳಿ.

ಹೆಚ್ಚು ಮೋಸಹೋಗುವುದು ಮಾಲ್ಟ್, ಚಾಕೊಲೇಟ್ ರುಚಿಯ ಪಾನೀಯದ ಪುಡಿಗಳಲ್ಲಿ. ಶಕ್ತಿಗೆಂದು ತರುತ್ತಾರೆ, ಒಳಗೆ ಬಹುಪಾಲು ಸಕ್ಕರೆ, ಹಿಟ್ಟು. ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿಯಲ್ಲಿ "100 ಗ್ರಾಂಗೆ ಪ್ರೋಟೀನ್ ಎಷ್ಟು" ಎನ್ನುವ ಸಾಲು ಓದಿ. 10ರ ಆಸುಪಾಸಿದ್ದರೆ ಅದು ಪಾನೀಯ, ಪ್ರೋಟೀನ್ ಪುಡಿಯಲ್ಲ. ಪುಟಾಣಿಯಲ್ಲೇ ಅದರ ಎರಡರಷ್ಟಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್, ತಯಾರಾದ ದಿನಾಂಕ, ಬಿಗಿ ಸೀಲು ಇವನ್ನೂ ನೋಡಿಕೊಳ್ಳಿ. ಬಿಡಿಯಾಗಿ ಕವರಿನಲ್ಲಿ ತೂಗಿ ಕೊಡುವ ಪುಡಿ ಎಷ್ಟೇ ಅಗ್ಗವಾಗಿದ್ದರೂ ಬೇಡ.

ದುಡ್ಡಿನ ಹೋಲಿಕೆಗೆ ಒಂದೇ ಸೂತ್ರ: ಬೆಲೆಯನ್ನು ಒಟ್ಟು ಪ್ರೋಟೀನ್ ಗ್ರಾಂನಿಂದ ಭಾಗಿಸಿ. ಒಂದು ಕೆ.ಜಿ. ವೇ 3,000 ರೂಪಾಯಿ, ಅದರಲ್ಲಿ 780 ಗ್ರಾಂ ಪ್ರೋಟೀನ್ ಎಂದುಕೊಂಡರೆ ಗ್ರಾಂಗೆ ನಾಲ್ಕು ರೂಪಾಯಿಗೆ ಸ್ವಲ್ಪ ಕಡಿಮೆ. ಮೊಟ್ಟೆ 7 ರೂಪಾಯಿ ಎಂದುಕೊಂಡರೆ ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಲೀಟರ್ ಹಾಲು 48 ಆದರೆ ಒಂದೂವರೆ ರೂಪಾಯಿ. ಶೇಂಗಾ ಕೆ.ಜಿ.ಗೆ 140 ಆದರೆ 60 ಪೈಸೆ. ಸೋಯಾ ತುಣುಕು 150 ಆದರೆ 30 ಪೈಸೆಯ ಹತ್ತಿರ. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ, ಕ್ರಮ ಬಹುತೇಕ ಇದೇ ಬರುತ್ತದೆ. ಉಳಿದ ದುಡ್ಡಿನಲ್ಲಿ ಫಿಸಿಯೋಥೆರಪಿಗೆ ನಾಲ್ಕು ಸಲ ಹೋಗಿ ಬರಬಹುದು. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗವನ್ನೂ ವಿಚಾರಿಸಿ.

ಯಾರು ಎಚ್ಚರ ವಹಿಸಬೇಕು

ಕಿಡ್ನಿ ತೊಂದರೆ ಇದ್ದು ಡಯಾಲಿಸಿಸ್ ಶುರುವಾಗದವರು ಮೇಲೆ ಹೇಳಿದ 1.2, 1.5ರ ಲೆಕ್ಕ ಹಿಡಿಯಬಾರದು. ಹಳೆಯ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಲ್ಲಿ ಕಿಡ್ನಿ ತೊಂದರೆ ಸದ್ದಿಲ್ಲದೆ ಇರಬಹುದು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಮಾಡಿಸಿದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಫೈಲಿನಲ್ಲೇ ಇರುತ್ತದೆ, ಅದನ್ನು ಡಾಕ್ಟರಿಗೆ ತೋರಿಸಿ ಪ್ರೋಟೀನ್ ಹೆಚ್ಚಿಸಬಹುದೇ ಎಂದು ಕೇಳಿ. ಲಿವರ್ ಕಾಯಿಲೆಯವರೂ ಕೇಳಿಯೇ ಮುಂದುವರಿಯಲಿ. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ, ಹಾಲು, ಪುಡಿ ಯಾವುದನ್ನೂ ಮಾತ್ರೆಯ ಬೆನ್ನಿಗೇ ತೆಗೆದುಕೊಳ್ಳಬೇಡಿ, ಮೂರ್ನಾಲ್ಕು ಗಂಟೆ ಅಂತರ ಇರಲಿ.

ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ವ್ಯಾಯಾಮವನ್ನೂ ತಿಕ್ಕುವುದನ್ನೂ ಅಲ್ಲೇ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ನಿಮ್ಮ ಸ್ಥಿತಿಗೆ ಯಾವುದು

ಪ್ಲಾಸ್ಟರ್ ಹಾಕಿಸಿಕೊಂಡ, ಚೆನ್ನಾಗಿ ಉಣ್ಣುವ ಹುಡುಗ ಹುಡುಗಿಯರು ಪುಡಿಗೆ ದುಡ್ಡು ಹಾಕಬೇಡಿ. ಮನೆಯ ಊಟ, ಪ್ಲಾಸ್ಟರಿನೊಳಗೇ ಸ್ನಾಯು ಬಿಗಿಹಿಡಿಯುವ ಅಭ್ಯಾಸ, ಒಳ್ಳೆಯ ಕಾಲಿಗೆ ಗಟ್ಟಿ ವ್ಯಾಯಾಮ. ಅರವತ್ತು ದಾಟಿ, ಅರ್ಧ ಊಟ ಮಾಡುತ್ತಿರುವವರಿಗೆ ಟವೆಲ್ ವ್ಯಾಯಾಮ ಮತ್ತು ಪುಡಿ ಎರಡೂ ಮೊದಲ ವಾರದಲ್ಲೇ ಶುರುವಾಗಲಿ. ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೆ ಆ ಲೋಟ ಕೊಟ್ಟರೆ ಸ್ನಾಯು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಜ್ವರದಿಂದ ಎದ್ದವರಿಗೆ ಕಾಲು ಊರಲು ಯಾವ ಅಡ್ಡಿಯೂ ಇಲ್ಲವಾದ್ದರಿಂದ ಕುರ್ಚಿಯಿಂದಲೇ ಆರಂಭ, ತಟ್ಟೆಗೆ ಮೊಟ್ಟೆ, ಕಾಳು, ಹಾಲು. ಲಕ್ವ ಹೊಡೆದು ಒಂದು ಬದಿ ಆಡದವರ ವಿಷಯ ಬೇರೆ. ಅವರಿಗೆ ನುಂಗುವುದೂ ಕಷ್ಟವಿರಬಹುದು, ಪುಡಿ ಕಲಸಿದ ನೀರು ಶ್ವಾಸಕ್ಕೆ ಹೋಗುವ ಅಪಾಯವಿದೆ, ನುಂಗುವಿಕೆ ಪರೀಕ್ಷೆ ಮಾಡಿಸದೆ ಕುಡಿಸಬೇಡಿ.

ಪುಡಿ ಶುರು ಮಾಡಿದವರು ನಿಲ್ಲಿಸುವುದು ಯಾವಾಗ ಎಂದು ಕೇಳುವುದೇ ಅಪರೂಪ. ಮೂರು ಹೊತ್ತಿನ ಊಟ ಮೊದಲಿನ ಹಾಗೆ ಸೇರತೊಡಗಿ, ಬೆಳಗಿನ ತಿಂಡಿಯಲ್ಲಿ ಮೊಟ್ಟೆ ಇಲ್ಲವೇ ಕಾಳು ಖಾಯಂ ಆದ ಮೇಲೆ ಇನ್ನೊಂದು ಡಬ್ಬಿ ತರಬೇಕಿಲ್ಲ. ವ್ಯಾಯಾಮ ಮಾತ್ರ ಅಲ್ಲಿಗೆ ನಿಲ್ಲಬಾರದು. ವಯಸ್ಸಾದವರಲ್ಲಿ ಎರಡು ವಾರದಲ್ಲಿ ಹೋದದ್ದು ನಾಲ್ಕು ವಾರ ಕಷ್ಟಪಟ್ಟರೂ ಪೂರ್ತಿ ವಾಪಸು ಬಾರದೆ ಇರಬಹುದು. ಕಂಬಳಿಯ ಮಡಿಕೆಗಳೆಲ್ಲ ಇಳಿದು, ಕೈ ಊರದೆ ಬರೀ ಕುರ್ಚಿಯಿಂದ ಹತ್ತು ಸಲ ಸಲೀಸಾಗಿ ಎದ್ದ ಮೇಲೂ ವಾರಕ್ಕೆ ಮೂರು ದಿನ ಅದನ್ನು ಮುಂದುವರಿಸಿ. ಆಮೇಲೆ ಮೆಟ್ಟಿಲು ಹತ್ತುವುದಕ್ಕೆ ಬನ್ನಿ, ಒಳ್ಳೆಯ ಕಾಲು ಮೊದಲು ಮೇಲಕ್ಕೆ, ಆಪರೇಷನ್ ಆದ ಕಾಲು ಮೊದಲು ಕೆಳಕ್ಕೆ, ಒಂದು ಕೈ ಕಂಬಿಯ ಮೇಲೆ.